ಹೊಳೆಯ ಈಚೆ ದಡದ ಓಟು

ಕೇರಳ ರಾಜ್ಯ ಹುಟ್ಟಿದ ಮೇಲೆ ಅಲ್ಲಿನ ವಿಧಾನಸಭೆಗೆ ನಡೆದ ಮೊದಲ ಚುನಾವಣೆಯಲ್ಲಿ ಮಂಜೇಶ್ವರದವರು ಓಟು ಹಾಕಲಿಲ್ಲ. ಹಾಕುವ ಅಗತ್ಯವೇ ಬೀಳಲಿಲ್ಲ. 1957ರಲ್ಲಿ, ನಮ್ಮ ಭಾಗ ಕನ್ನಡನಾಡಿಗೆ ಸೇರಬೇಕೆಂದು ಕೇಳುತ್ತಿದ್ದ ಕರ್ನಾಟಕ ಸಮಿತಿಯ ಕಡೆಯಿಂದ ಪಕ್ಷೇತರರಾಗಿ ನಿಂತ ಎಂ. ಉಮೇಶ ರಾಯರಿಗೆ ಎದುರಾಳಿಯೇ ಇರಲಿಲ್ಲ. ಅವಿರೋಧವಾಗಿ ಗೆದ್ದು ಅವರು ತಿರುವನಂತಪುರಕ್ಕೆ ಹೋದರು. ಅದೇ ಚುನಾವಣೆಯಲ್ಲಿ, ಅದೇ ಹಳೆಯ ಕಾಸರಗೋಡು ತಾಲೂಕಿನ ತೆಂಕಣ ತುದಿಯ ನೀಲೇಶ್ವರದಿಂದ ಇ.ಎಂ.ಎಸ್. ನಂಬೂದಿರಿಪಾಡರು ಗೆದ್ದು ಮುಖ್ಯಮಂತ್ರಿಯಾದರು. ಚುನಾವಣೆಯಿಂದ ಬಂದ ಕಮ್ಯುನಿಸ್ಟ್ ಸರಕಾರವೆಂದು ಹೊರದೇಶದವರೂ ಆಗ ಕೇರಳದ ಕಡೆ ಕಣ್ಣಿಟ್ಟರು. ತಾಲೂಕಿನ ಬಡಗಣ ತುದಿಯಲ್ಲಿ ಏನಾಯಿತೆಂದು ಕೇಳಿದವರು ಕಡಿಮೆ.

ಕೇಳಿದ್ದರೆ ನನ್ನ ಅಪ್ಪ ಹೇಳುತ್ತಿದ್ದರು. ಅಪ್ಪ ಕನ್ನಡ ಶಾಲೆಯ ಮಾಸ್ತರು. ಸಂಜೆ ಜಗಲಿಯಲ್ಲಿ ಕುಳಿತು ಎಲೆಯಡಿಕೆಗೆ ಸುಣ್ಣ ಸವರುತ್ತಾ, "ಆ ಸಲ ಊರು ಬಾಯಿ ತೆರೆಯದೆಯೇ ಮಾತಾಡಿತು" ಎನ್ನುತ್ತಿದ್ದರು. ನಾನು ಆಗ ಕೈಗೂಸು. ಆದರೂ ಆ ಮಾತನ್ನು ಎಷ್ಟು ಸಲ ಕೇಳಿದ್ದೇನೆಂದರೆ, ಉಮೇಶ ರಾಯರ ಗೆಲುವಿನ ದಿನ ನಾನೂ ಅಂಗಳದಲ್ಲಿ ನಿಂತಿದ್ದೆ ಎಂದೇ ಒಮ್ಮೊಮ್ಮೆ ಅನಿಸುತ್ತದೆ.

ಅದಕ್ಕೆ ಕೆಲವೇ ತಿಂಗಳ ಹಿಂದೆ, 1956ರ ನವೆಂಬರ್ 1ರಂದು, ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯಿಂದ ಕಳಚಿ ಕೇರಳಕ್ಕೆ ಸೇರಿತ್ತು. ಮದ್ರಾಸ್ ರಾಜ್ಯದಲ್ಲಿದ್ದಷ್ಟು ಕಾಲ ಮಂಗಳೂರೂ ನಾವೂ ಒಂದೇ ಜಿಲ್ಲೆ. ಕಾಲೇಜು, ಆಸ್ಪತ್ರೆ, ಜವಳಿ ಅಂಗಡಿ, ಹೆಣ್ಣು ಕೊಡುವುದು ತರುವುದು ಎಲ್ಲವೂ ಉತ್ತರಕ್ಕೆ. ಹೊಸ ಗೆರೆ ತಲಪಾಡಿಯಲ್ಲಿ ಬಿತ್ತು. ನಮ್ಮ ಕುಂಜತ್ತೂರಿನಿಂದ ತೂಮಿನಾಡು ದಾಟಿದರೆ ಆ ಗೆರೆಗೆ ನಡೆದೇ ಹೋಗಬಹುದು. ಹೊಸ ರಾಜಧಾನಿಗೋ ಆರುನೂರು ಕಿಲೋಮೀಟರಿನಷ್ಟು ದಾರಿ. ರಾಜ್ಯಗಳ ಗಡಿ ಮರುವಿಂಗಡಿಸಲು ನೇಮಿಸಿದ್ದ ಫಜಲ್ ಅಲಿ ಆಯೋಗದ ಮೂವರು ಸದಸ್ಯರಲ್ಲಿ ಮಲಯಾಳಿಯಾದ ಕೆ.ಎಂ. ಪಣಿಕ್ಕರ್ ಒಬ್ಬರಾಗಿದ್ದರು ಎಂಬುದನ್ನು ಅಪ್ಪನ ಕಾಲದವರು ಸಾಯುವ ತನಕ ಮರೆಯಲಿಲ್ಲ. ಅವರು ಕೇಳಿದ್ದು ಇಷ್ಟೇ: ಚಂದ್ರಗಿರಿ ಹೊಳೆಯ ಈಚೆ ದಡದ ನಮ್ಮನ್ನು ನಮ್ಮವರ ಜೊತೆ ಇರಗೊಡಿ.

ಆ ಬೇಡಿಕೆಯೇ ನಮ್ಮ ಕ್ಷೇತ್ರದ ಮೊದಲ ರಾಜಕೀಯ. ಬೇರೆ ಕಡೆ ಜನ ರಸ್ತೆಗಾಗಿ, ಅಕ್ಕಿಗಾಗಿ, ಜಾತಿಗಾಗಿ, ನಾಯಕನ ಮುಖ ನೋಡಿ ಓಟು ಹಾಕುತ್ತಿದ್ದಾಗ ಇಲ್ಲಿ ಮತಪತ್ರವೆಂದರೆ ಒಂದು ಮನವಿಪತ್ರ. 1959ರ ಜುಲೈಯಲ್ಲಿ ಇ.ಎಂ.ಎಸ್. ಸರಕಾರ ವಜಾ ಆಗಿ, 1960ರಲ್ಲಿ ಮತ್ತೆ ಚುನಾವಣೆ ಬಂತು. ಈ ಸಲ ಸಮಿತಿಯಿಂದ ನಿಂತವರು ಕಳ್ಳಿಗೆ ಮಹಾಬಲ ಭಂಡಾರಿಯವರು. ಗೆದ್ದರು. 1965ರಲ್ಲೂ ಗೆದ್ದರು. ಆ ವಿಧಾನಸಭೆಯಲ್ಲಿ ಯಾರಿಗೂ ಬಹುಮತ ಬರಲಿಲ್ಲವೆಂದು ಸಭೆ ಸೇರಲೇ ಇಲ್ಲ. ಗೆದ್ದವರು ಪ್ರಮಾಣವಚನವನ್ನೂ ತೆಗೆದುಕೊಳ್ಳದೆ ಮನೆಗೆ ಮರಳಿದರು. 1967ರಲ್ಲಿ ಜನ ಭಂಡಾರಿಯವರನ್ನೇ ಪುನಃ ಆರಿಸಿದರು. ಆ ವರ್ಷ ಕಾಸರಗೋಡು ಕ್ಷೇತ್ರದಲ್ಲೂ ಸಮಿತಿಯ ವಕೀಲ ಯು.ಪಿ. ಕುಣಿಕುಳ್ಳಾಯರು ಗೆದ್ದರು. ಒಂದೇ ಮಾತನ್ನು ಒಂದು ಜನ ಇಷ್ಟು ಸಲ, ಇಷ್ಟು ಸಮಾಧಾನದಿಂದ, ಕಲ್ಲೆಸೆಯದೆ, ಓಟಿನ ಮೂಲಕವೇ ಹೇಳಿದ್ದು ಈ ದೇಶದಲ್ಲಿ ಬೇರೆ ಎಲ್ಲಿದೆಯೋ ನನಗೆ ಕಾಣದು.

ನನ್ನ ನೆನಪು ಶುರುವಾಗುವುದು ಈ ಚುನಾವಣೆಗಳಿಂದ. ಸಂಜೆಯ ಸಭೆಗೆ ಗ್ಯಾಸ್‌ಲೈಟು ಹಚ್ಚಿ ಮರದ ಕೊಂಬೆಗೆ ತೂಗುಹಾಕುತ್ತಿದ್ದರು. ಬೆಳಕಿನ ಕೆಳಗೆ ಒಂದು ಮೇಜು, ಎರಡು ಮರದ ಕುರ್ಚಿ. ಭಾಷಣ ಕನ್ನಡದಲ್ಲಿ ಆರಂಭವಾಗಿ, ಕಾವೇರಿದ ಹಾಗೆ ತುಳುವಿಗೆ ಹೊರಳುತ್ತಿತ್ತು. ಹಿಂದೆ ನಿಂತ ಬ್ಯಾರಿ ಮುಸ್ಲಿಮರಿಗಾಗಿ ಯಾರೋ ಎರಡು ಮಾತು ಬ್ಯಾರಿ ಭಾಷೆಯಲ್ಲಿ ಹೇಳುತ್ತಿದ್ದರು, ಮಂಜೇಶ್ವರ ಪೇಟೆಯಿಂದ ಬಂದ ಕೊಂಕಣಿಗರು ತಮ್ಮೊಳಗೆ ಕೊಂಕಣಿಯಲ್ಲಿ ತರ್ಕಿಸುತ್ತಿದ್ದರು. ನನ್ನ ಕಿವಿಗೆ ಇವೆಲ್ಲ ಬೇರೆ ಬೇರೆ ಭಾಷೆಗಳೆಂದು ಅನಿಸಿದ್ದೇ ಇಲ್ಲ. ಹಗಲಲ್ಲಿ ಜೀಪಿಗೆ ಮೈಕು ಕಟ್ಟಿ ಪದವಿನ ಮೇಲೆ ಹೋಗುತ್ತಿದ್ದರು. ಬಣ್ಣದ ಚೀಟಿಗಳು ಗಾಳಿಗೆ ಹಾರಿದರೆ ನಾವು ಮಕ್ಕಳು ಮುಳಿಹುಲ್ಲಿನ ನಡುವೆ ಓಡಿ ಹೆಕ್ಕುತ್ತಿದ್ದೆವು. ಗೋಡೆಗಳ ಮೇಲೆ ನೀಲಿ ಬೆರೆಸಿದ ಸುಣ್ಣದಲ್ಲಿ ಕನ್ನಡದ ದೊಡ್ಡ ಅಕ್ಷರಗಳು. ಅಪ್ಪನ ಶಾಲೆಯ ದೊಡ್ಡ ಹುಡುಗರೇ ಅವನ್ನು ಬರೆದವರು. ಬೆಳಗ್ಗೆ ಶಾಲೆಗೆ ಹೋಗುವ ದಾರಿಯಲ್ಲಿ ಅಪ್ಪ ನಿಂತು ಒತ್ತಕ್ಷರ ಸರಿಯಿದೆಯೇ ಎಂದು ನೋಡುತ್ತಿದ್ದರು.

ಒಂದು ದಿನ ನಮ್ಮ ತೋಟದಲ್ಲಿ ಕಳ್ಳು ಇಳಿಸುತ್ತಿದ್ದವರು ಅಪ್ಪನನ್ನು ಕೇಳಿದ್ದರು: "ಮಾಸ್ಟ್ರೇ, ಮೈಸೂರು ಏತ್ ದೂರ ಉಂಡು?" ಆಗ ಕರ್ನಾಟಕಕ್ಕೆ ಮೈಸೂರು ರಾಜ್ಯವೆಂದೇ ಹೆಸರು. ಮೈಸೂರು ಎಷ್ಟು ದೂರ ಎಂದು ಕೇಳಿದ ಅವರು ಮೈಸೂರನ್ನು ನೋಡಿದವರಲ್ಲ. ಅಪ್ಪ ತಲಪಾಡಿಯ ಕಡೆ ಕೈ ತೋರಿಸಿ, "ಅಗೋ, ಅಲ್ಲೇ" ಎಂದರು. ಆ ಉತ್ತರದಲ್ಲಿ ಅಪ್ಪನಿಗಿದ್ದ ನಂಬಿಕೆ ಆಮೇಲೆ ನನಗೆ ಯಾವ ವಿಷಯದಲ್ಲೂ ಬಂದಿಲ್ಲ.

ನಂಬಿಕೆಗೆ ಕಾರಣವೂ ಇತ್ತು. 1966ರಲ್ಲಿ ಕೇಂದ್ರ ಸರಕಾರ ನಿವೃತ್ತ ಮುಖ್ಯ ನ್ಯಾಯಮೂರ್ತಿ ಮೆಹರ್ ಚಂದ್ ಮಹಾಜನರ ಆಯೋಗವನ್ನು ನೇಮಿಸಿತು. ಬೆಳಗಾವಿಯ ವಿವಾದಕ್ಕಾಗಿ ಹುಟ್ಟಿದ ಆಯೋಗ ಕಾಸರಗೋಡನ್ನೂ ವಿಚಾರಿಸಿತು. 1967ರ ವರದಿಯಲ್ಲಿ ಚಂದ್ರಗಿರಿಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದು ಬರೆಯಿತು. ಸಮಿತಿ ಹತ್ತು ವರ್ಷ ಹೇಳಿದ್ದನ್ನೇ ದೊಡ್ಡ ನ್ಯಾಯಾಧೀಶರೊಬ್ಬರು ಸರಕಾರಿ ಕಾಗದದ ಮೇಲೆ ಹೇಳಿದಂತಾಯಿತು. ಅಪ್ಪ ಆ ದಿನದ ಪತ್ರಿಕೆಯನ್ನು ಮಡಚಿ ಟ್ರಂಕಿನಲ್ಲಿಟ್ಟರು. ವರದಿ ದಿಲ್ಲಿಯಲ್ಲಿ ಉಳಿಯಿತು. ಮಹಾರಾಷ್ಟ್ರ ಅದನ್ನು ಒಪ್ಪಲಿಲ್ಲ, ಕೇರಳ ಒಪ್ಪಲಿಲ್ಲ, ಕರ್ನಾಟಕಕ್ಕೆ ಬೆಳಗಾವಿ ಕೈಬಿಡದಿದ್ದರೆ ಸಾಕೆನ್ನುವ ಸ್ಥಿತಿ. ಬೆಳಗಾವಿಯ ಜೊತೆ ಒಂದೇ ಗಂಟಿನಲ್ಲಿ ಕಟ್ಟಿದ್ದರಿಂದ ನಮ್ಮ ಪ್ರಶ್ನೆ ಬಿಚ್ಚಿಕೊಳ್ಳಲೇ ಇಲ್ಲ ಎಂದು ನಾನು ಈಗಲೂ ನಂಬಿದ್ದೇನೆ. ರಾಷ್ಟ್ರಕವಿ ಗೋವಿಂದ ಪೈಗಳು ಅದಕ್ಕೂ ಮೊದಲೇ, 1963ರಲ್ಲಿ, ಕೇರಳದ ಮತದಾರರಾಗಿಯೇ ತೀರಿಹೋಗಿದ್ದರು. ವಿಲೀನಕ್ಕಾಗಿ ದನಿಯೆತ್ತಿದ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ನೂರು ತುಂಬಿಸಿ 2015ರಲ್ಲಿ ಹೋದರು. ಅಷ್ಟೂ ವರ್ಷ ಅವರು ಕಾದರು.

1970ರಲ್ಲಿ ಸಮಿತಿ ಸೋತಿತು. ಗೆದ್ದವರು ಸಿಪಿಐಯ ಎಂ. ರಾಮಪ್ಪ. ಆ ರಾತ್ರಿ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಆದರೆ ನಮ್ಮ ಬೈಲಿನಾಚೆ, ಒಕ್ಕಲುಗಳ ಮನೆಗಳಲ್ಲಿ, ಪಟಾಕಿ ಸಿಡಿಯಿತು. ಇದನ್ನು ಬರೆಯದಿದ್ದರೆ ನನ್ನ ಕಥೆ ಅರ್ಧವಾಗುತ್ತದೆ. 1970ರ ಜನವರಿ 1ರಿಂದ ಕೇರಳದ ಭೂಸುಧಾರಣೆಯ ತಿದ್ದುಪಡಿ ಕಾಯ್ದೆ ಜಾರಿಗೆ ಬಂದಿತ್ತು. ತಲೆಮಾರುಗಳಿಂದ ಗೇಣಿ ಅಳೆದವರು ಗದ್ದೆಗೆ ಒಡೆಯರಾಗುವ ಕಾಲ ಬಂದಿತ್ತು. ಗೆರೆಯಾಚೆ ಅದೇ ಮಾತು ದೇವರಾಜ ಅರಸರ ಕಾಲದ 1974ರ ಕಾನೂನಿನವರೆಗೆ ಕಾಯಬೇಕಾಯಿತು. ತಲಪಾಡಿಯ ಗೆರೆಯ ಈಚೆ ಬಿದ್ದದ್ದರಿಂದ ನನ್ನ ಅಪ್ಪನಿಗೆ ನಷ್ಟವಾಯಿತು, ನಮ್ಮ ತೋಟಕ್ಕೆ ಬರುತ್ತಿದ್ದವರಿಗೆ ಗದ್ದೆ ಸಿಕ್ಕಿತು. ಮೈಸೂರು ಏತ್ ದೂರ ಎಂದು ಕೇಳಿದವರ ಮಗ ಆ ವರ್ಷ ಕೆಂಬಾವುಟ ಹಿಡಿದು ಮೆರವಣಿಗೆಯಲ್ಲಿ ಹೋದ. ಅವನನ್ನು ಕಂಡು ಅಪ್ಪ ಮುಖ ತಿರುಗಿಸಲಿಲ್ಲ. "ಅವನಿಗೆ ಅವನ ನೆಲ, ನನಗೆ ನನ್ನ ಅಕ್ಷರ" ಎಂದರು. ಊರು ಒಂದೇ ಬಾಯಿಂದ ಮಾತಾಡಿತು ಎಂದು ಅವರು ಹೆಮ್ಮೆಪಟ್ಟ ದಿನಗಳಲ್ಲೂ ಕೆಲವು ಬಾಯಿಗಳು ಸುಮ್ಮನಿದ್ದವು ಎಂಬುದು ಅವರಿಗೆ ಆಗ ಹೊಳೆದಿರಬೇಕು.

ನಾನು ಮೊದಲ ಬಾರಿ ಓಟು ಹಾಕಿದ್ದು 1977ರಲ್ಲಿ. ಆಗ ಇಪ್ಪತ್ತೊಂದು ತುಂಬಬೇಕಿತ್ತು. ಮತಪತ್ರದಲ್ಲಿ ಮಲಯಾಳದ ಜೊತೆ ಕನ್ನಡವೂ ಇತ್ತು. ಅಭ್ಯರ್ಥಿಗಳ ಹೆಸರನ್ನು ಕನ್ನಡದಲ್ಲಿ ಓದಿದಾಗ, ಯಾರಿಗೆ ಮುದ್ರೆ ಒತ್ತಬೇಕೆಂಬುದಕ್ಕಿಂತ ಆ ಅಕ್ಷರಗಳೇ ಮುಖ್ಯವೆನಿಸಿ ಮರದ ಮರೆಯ ಹಿಂದೆ ತುಸು ಹೊತ್ತು ನಿಂತೆ. ರಾಮಪ್ಪನವರೇ ಮತ್ತೆ ಗೆದ್ದರು. 1980ರಲ್ಲಿ, 1982ರಲ್ಲಿ ಅದೇ ಪಕ್ಷದ ಎ. ಸುಬ್ಬರಾಯರು. ಮುಖ್ಯಮಂತ್ರಿ ನಾಯನಾರರ ಮೊದಲ ಮಂತ್ರಿಮಂಡಲದಲ್ಲಿ ಅವರು ನೀರಾವರಿ ಮಂತ್ರಿ. ಲೋಕಸಭೆಗೂ ಆ ವರ್ಷಗಳಲ್ಲಿ ನಮ್ಮ ಭಾಷೆ ಆಡುವವರೇ ಹೋಗುತ್ತಿದ್ದರು: 1980ರಲ್ಲಿ ಸಿಪಿಎಂನ ಎಂ. ರಾಮಣ್ಣ ರೈ, 1984ರಲ್ಲಿ ಕಾಂಗ್ರೆಸ್ಸಿನ ಐ. ರಾಮ ರೈ, 1989ರಲ್ಲಿ, 1991ರಲ್ಲಿ ಮರಳಿ ರಾಮಣ್ಣ ರೈ. ಇದೂ ಒಂದು ದಾರಿ ಎಂದು ನಾವು ಅಂದುಕೊಂಡೆವು. ಕರ್ನಾಟಕಕ್ಕೆ ಹೋಗಲಾಗದಿದ್ದರೆ ಬೇಡ, ಕೇರಳದೊಳಗೆ ನಮ್ಮವರ ದನಿ ಇರಲಿ. 1984ರ ಮೇ 24ರಂದು ಕಾಸರಗೋಡು ಕಣ್ಣೂರಿನಿಂದ ಬೇರೆಯಾಗಿ ಜಿಲ್ಲೆಯಾಯಿತು. ಜಿಲ್ಲಾ ಕಚೇರಿ ಹತ್ತಿರ ಬಂತು, ಸಂತೋಷವಾಯಿತು. ವಿಲೀನದ ಮಾತು ಮಾತ್ರ ಅದರ ನಂತರ ನವೆಂಬರ್ ಒಂದರ ಭಾಷಣಗಳಿಗೆ ಸೀಮಿತವಾಯಿತು.

ಮುಂದಿನದನ್ನು ವಿಸ್ತರಿಸಲು ನನಗೆ ಮನಸ್ಸಿಲ್ಲ. 1987ರಲ್ಲಿ ಮುಸ್ಲಿಂ ಲೀಗಿನ ಚೆರ್ಕಳಂ ಅಬ್ದುಲ್ಲ ಗೆದ್ದರು, 2001ರವರೆಗೆ ನಾಲ್ಕು ಸಲ ಗೆದ್ದು ಮಂತ್ರಿಯೂ ಆದರು. ಬಿಜೆಪಿ ಎರಡನೆಯ ಸ್ಥಾನಕ್ಕೆ ಬಂದು ಕೂತಿತು. 1991ರಲ್ಲಿ ಅದರ ಕೆ.ಜಿ. ಮಾರಾರ್ ಸೋತದ್ದು 1,072 ಓಟಿನಿಂದ. 2006ರಲ್ಲಿ ಸಿಪಿಎಂನ ಸಿ.ಎಚ್. ಕುಞ್ಞಂಬು ಗೆದ್ದು, ಚೆರ್ಕಳಂ ಮೂರನೆಯವರಾದದ್ದು ಊರಿಗೇ ಆಶ್ಚರ್ಯ. ತ್ರಿಕೋನ ಸ್ಪರ್ಧೆಯ ಕ್ಷೇತ್ರವೆಂದು ಟಿವಿಯವರು ಹುಡುಕಿಕೊಂಡು ಬರತೊಡಗಿದರು. ಬಂದವರು ಕೇಳುತ್ತಿದ್ದದ್ದು ಹಿಂದೂ ಓಟು ಎಷ್ಟು, ಮುಸ್ಲಿಂ ಓಟು ಎಷ್ಟು ಎಂದು. ಎಣ್ಮಕಜೆಯಿಂದ ವರ್ಕಾಡಿಯವರೆಗಿನ ಎಂಟು ಪಂಚಾಯತುಗಳನ್ನು ಅವರು ಹಾಗೆ ಹೋಳು ಮಾಡಿ ಪರದೆಯ ಮೇಲೆ ಬಣ್ಣ ಬಳಿಯುತ್ತಿದ್ದರು. ನಮ್ಮ ಪಕ್ಕದ ಉದ್ಯಾವರದಲ್ಲಿ, 'ಮಾಡ' ಎಂದು ಕರೆಯುವ ದೈವಸ್ಥಾನದ ಜಾತ್ರೆಗೆ ಮೊದಲು ದೈವದ ಪಾತ್ರಿಗಳು ಪರಿವಾರದೊಡನೆ ಸಾವಿರ ಜಮಾಅತ್ ಮಸೀದಿಗೆ ಹೋಗಿ ಕರೆಯುವ ಪದ್ಧತಿ ಇದೆ. ತುಳುವರ ಹೊಸ ವರ್ಷವಾದ ಬಿಸುವಿನ ಹೊತ್ತಿಗೆ, ಎಷ್ಟೋ ಸಲ ಪ್ರಚಾರದ ಗದ್ದಲದ ನಡುವೆಯೇ, ಅದು ನಡೆಯುತ್ತದೆ. ಮಸೀದಿಯ ಅಂಗಳದಲ್ಲಿ ಅವರನ್ನು ಮರ್ಯಾದೆಯಿಂದ ಬರಮಾಡಿಕೊಳ್ಳುತ್ತಾರೆ. ಆ ಭೇಟಿಗೆ ಯಾವ ಬಣ್ಣ ಬಳಿಯುತ್ತೀರಿ ಎಂದು ಕೇಳುವ ಆಸೆ ನನಗಿತ್ತು.

ಬೇಸರ ಯಾರು ಗೆದ್ದರೆಂಬುದಕ್ಕಲ್ಲ. ಲೀಗಿನವರೂ ನಮ್ಮ ಊರವರೇ, ಬಿಜೆಪಿಯವರೂ, ಕಮ್ಯುನಿಸ್ಟರೂ. ಒಂದು ಕಾಲದಲ್ಲಿ ನಾವು ಒಂದು ಪ್ರಶ್ನೆಯಾಗಿದ್ದೆವು. ಆಮೇಲೆ ಬರೀ ಲೆಕ್ಕವಾದೆವು. 2016ರಲ್ಲಿ ಲೀಗಿನ ಪಿ.ಬಿ. ಅಬ್ದುಲ್ ರಝಾಕ್ ಅವರಿಗೆ 56,870 ಓಟು, ಬಿಜೆಪಿಯ ಕೆ. ಸುರೇಂದ್ರನ್ ಅವರಿಗೆ 56,781. ಅಂತರ 89. ನಮ್ಮ ಕಡೆಯ ಮದುವೆಯ ಮೊದಲ ಪಂಕ್ತಿಗೆ ಇದಕ್ಕಿಂತ ಹೆಚ್ಚು ಜನ ಕೂರುತ್ತಾರೆ. ಸತ್ತವರ, ಪರದೇಶದಲ್ಲಿರುವವರ ಹೆಸರಿನಲ್ಲಿ ಓಟು ಬಿದ್ದಿದೆಯೆಂದು ದೂರಿ ಸುರೇಂದ್ರನ್ ಹೈಕೋರ್ಟಿಗೆ ಹೋದರು. ಗಲ್ಫಿನಲ್ಲಿ ದುಡಿಯುವ ಮಕ್ಕಳಿರುವ ಮನೆಗಳಿಗೆ ಸಮನ್ಸ್ ಬಂದವು. ಸತ್ತವರ ಪಟ್ಟಿಯಲ್ಲಿದ್ದ ಕೆಲವರು ಬದುಕಿದ್ದೇನೆಂದು ಮುಂದೆ ಬಂದರು. 2018ರ ಅಕ್ಟೋಬರಿನಲ್ಲಿ ರಝಾಕ್ ಅವರೇ ತೀರಿಕೊಂಡರು. ಅರ್ಜಿಯನ್ನು ಸುರೇಂದ್ರನ್ ಹಿಂತೆಗೆದುಕೊಂಡರು, 2019ರಲ್ಲಿ ಉಪಚುನಾವಣೆಯಾಗಿ ಎಂ.ಸಿ. ಖಮರುದ್ದೀನ್ ಬಂದರು. ಅಷ್ಟು ಹೊತ್ತಿಗೆ ನಮ್ಮ ಜಗಲಿಯಲ್ಲಿ ಚುನಾವಣೆಯ ಮಾತಾಡುವವರು ಯಾರೂ ಉಳಿದಿರಲಿಲ್ಲ. ಸಮಿತಿಯ ಸಭೆಗಳಿಗೆ ಬರುತ್ತಿದ್ದ ಹಿರಿಯರು ಒಬ್ಬೊಬ್ಬರಾಗಿ ಹೋದರು. ಅಪ್ಪ ಹೋದರು. ತಡ್ಪೆಯನ್ನು ಮಡಿಲಲ್ಲಿಟ್ಟು ಬೀಡಿ ಕಟ್ಟುತ್ತಾ ಮೈಕಿನ ಭಾಷಣಗಳಿಗೆ ಕಿವಿಗೊಡುತ್ತಿದ್ದ ಪಕ್ಕದ ಮನೆಯ ಅಕ್ಕಂದಿರೂ ಹೋದರು. ಅವರಲ್ಲೊಬ್ಬರಿಗೆ ಮಹಾಬಲ ಭಂಡಾರಿಯವರ ಭಾಷಣದ ಧಾಟಿ ಬಾಯಿಪಾಠವಿತ್ತು. ಬೀಡಿ ಕಂಪನಿಯ ಬ್ರಾಂಚಿಗೆ ಬೀಡಿ ಕೊಟ್ಟು ಬರುವ ದಾರಿಯಲ್ಲಿ ನಮ್ಮನ್ನು ನಿಲ್ಲಿಸಿ ಹಾಗೆಯೇ ಮಾತಾಡಿ ತೋರಿಸುತ್ತಿದ್ದರು. ಆ ದನಿಯನ್ನು ನಾನು ಬೇರೆಲ್ಲಿಂದ ತರಲಿ?

2020ರ ಮಾರ್ಚ್ ಕೊನೆಯಲ್ಲಿ, ಕೊರೊನಾ ಹೆದರಿಕೆಯ ದಿನಗಳಲ್ಲಿ, ಕರ್ನಾಟಕ ಸರಕಾರ ತಲಪಾಡಿಯ ಗಡಿ ಮುಚ್ಚಿತು. ಗಡಿಯ ಒಳದಾರಿಗಳಿಗೆ ಮಣ್ಣು ಸುರಿಯಿತು. ಸೋಂಕಿನ ಭಯ ಸುಳ್ಳಲ್ಲ, ಕಾಸರಗೋಡಿನಲ್ಲಿ ಆಗ ರೋಗಿಗಳು ಹೆಚ್ಚಿದ್ದದ್ದೂ ನಿಜ. ಆದರೆ ನಮ್ಮ ಆಸ್ಪತ್ರೆಗಳು ಅಂದಿನಿಂದ ಇಂದಿನವರೆಗೆ ದೇರಳಕಟ್ಟೆಯಲ್ಲಿ, ಮಂಗಳೂರಿನಲ್ಲಿ. ಹೃದಯದ ರೋಗಿಗಳನ್ನು, ಡಯಾಲಿಸಿಸ್ ಬೇಕಾದವರನ್ನು ಹೊತ್ತ ಆಂಬುಲೆನ್ಸುಗಳು ತಲಪಾಡಿಯಿಂದ ಹಿಂದಕ್ಕೆ ತಿರುಗಿದವು. ಚಿಕಿತ್ಸೆ ಸಿಗದೆ ಹಲವರು ಸತ್ತರು. ಕೇರಳ ಹೈಕೋರ್ಟು ಗಡಿ ತೆರೆಯಿರಿ ಎಂದಿತು, ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು, ಕೊನೆಗೆ ರೋಗಿಗಳಿಗೆ ಷರತ್ತಿನ ಮೇಲೆ ದಾರಿಯಾಯಿತು. ಟಿವಿಯಲ್ಲಿ ಆ ಮಣ್ಣಿನ ರಾಶಿ ಕಂಡಾಗ ನನಗೆ ಅಳು ತಡೆಯಲಾಗಲಿಲ್ಲ. 1957ರಿಂದ 1967ರವರೆಗೆ ಪ್ರತಿ ಚುನಾವಣೆಯಲ್ಲೂ ಈ ಜನ ಸೇರಬೇಕೆಂದು ಕೇಳಿಕೊಂಡ ರಾಜ್ಯ ಅದು. ಅಪ್ಪ "ಅಗೋ, ಅಲ್ಲೇ" ಎಂದು ಕೈ ತೋರಿಸಿದ ದಿಕ್ಕು ಅದು. ಅಪ್ಪ ಇಲ್ಲದ್ದು ಒಳ್ಳೆಯದಾಯಿತು ಎಂದು ಜೀವಮಾನದಲ್ಲಿ ಮೊದಲ ಬಾರಿ ಅನಿಸಿತು. ಬೆಂಗಳೂರಿನ ವೇದಿಕೆಗಳಲ್ಲಿ ಕಾಸರಗೋಡು ಕನ್ನಡನಾಡಿನ ಅವಿಭಾಜ್ಯ ಅಂಗವೆಂದು ಮಾತಾಡುವವರ ಬಗ್ಗೆ ನನಗೆ ಗೌರವವಿದೆ; ಆ ವಾರ ಅವರಲ್ಲಿ ಎಷ್ಟು ಮಂದಿ ನಮ್ಮ ಪರವಾಗಿ ಬಾಯಿಬಿಟ್ಟರು ಎಂಬುದನ್ನೂ ನಾನು ನೆನಪಿಟ್ಟಿದ್ದೇನೆ.

ಅದಾಗಿ ಒಂದು ವರ್ಷಕ್ಕೆ, 2021ರ ಏಪ್ರಿಲ್‌ನಲ್ಲಿ ನಡೆದ ಚುನಾವಣೆಯಲ್ಲಿ, ಲೀಗಿನ ಎ.ಕೆ.ಎಂ. ಅಶ್ರಫ್ 745 ಓಟುಗಳಿಂದ ಗೆದ್ದರು: ಅವರಿಗೆ 65,758, ಸುರೇಂದ್ರನ್ ಅವರಿಗೆ 65,013. ಅಶ್ರಫ್ ತಿರುವನಂತಪುರದ ಸಭೆಯಲ್ಲಿ ಕನ್ನಡದಲ್ಲಿ ಪ್ರಮಾಣವಚನ ಸ್ವೀಕರಿಸಿದರು. ನಾನು ಅದನ್ನು ಟಿವಿಯಲ್ಲಿ ನೋಡಿದೆ. ಕನ್ನಡದ ದನಿ ಉಳಿದರೆ ಸಮಿತಿಯವರ ಮನೆಗಳಲ್ಲಿ ಉಳಿದೀತು ಎಂದು ಅಪ್ಪನ ತಲೆಮಾರು ಅಂದುಕೊಂಡಿತ್ತು. ಅವರು ಯಾರನ್ನು ಸಭೆಯ ಹಿಂದಿನ ಸಾಲಿನಲ್ಲಿ ನಿಲ್ಲಿಸಿ ಎರಡು ಮಾತು ಬ್ಯಾರಿಯಲ್ಲಿ ಹೇಳಿ ಮುಗಿಸುತ್ತಿದ್ದರೋ ಆ ಮನೆಗಳ ಕಡೆಯಿಂದಲೇ ಅದು ಕೇರಳದ ಸಭೆಯೊಳಗೆ ಕೇಳಿಸಿತು. ನನಗಾದ ಸಂತೋಷಕ್ಕೆ ಪಕ್ಷವಿರಲಿಲ್ಲ.

ಒಂದು ಪ್ರಮಾಣವಚನದಿಂದ ತರಗತಿ ನಡೆಯುವುದಿಲ್ಲ ಎಂಬುದೂ ನನಗೆ ಗೊತ್ತು. ಕನ್ನಡ ಮಾಧ್ಯಮದ ಶಾಲೆಗಳಿಗೆ ಕನ್ನಡ ಬಾರದ ಅಧ್ಯಾಪಕರನ್ನು ಕಳುಹಿಸುವುದು, ಪೋಷಕರು ಗೇಟಿನ ಮುಂದೆ ಕೂತು ಪ್ರತಿಭಟಿಸುವುದು ಗಡಿಯ ಈ ಊರುಗಳಲ್ಲಿ ಮತ್ತೆ ಮತ್ತೆ ನಡೆದಿದೆ. 2014ರಲ್ಲಿ ಮಂಜೇಶ್ವರ ತಾಲೂಕಾಗಿ ಉಪ್ಪಳದಲ್ಲಿ ಕಚೇರಿಯಾಯಿತು. ಅಲ್ಲಿ ಕೊಡುವ ಕಾಗದ ಕನ್ನಡದಲ್ಲಿ ಸಿಗಬೇಕಾದರೆ ಈಗಲೂ ಕೇಳಿ ಪಡೆಯಬೇಕು. ಕೇರಳದ 140 ಕ್ಷೇತ್ರಗಳ ಪಟ್ಟಿಯಲ್ಲಿ ನಮ್ಮದು ಒಂದನೆಯದು. ಎಣಿಕೆ ನಮ್ಮಿಂದಲೇ ಶುರುವಾಗುತ್ತದೆ. ಹಾಗಾಗಿ ಓಟು ಕೇಳಲು ಅಂಗಳಕ್ಕೆ ಬಂದವರನ್ನು, ಅವರು ಯಾವ ಪಕ್ಷದವರೇ ಆಗಿರಲಿ, ನಾನು ಜಗಲಿಯಲ್ಲಿ ಕೂರಿಸುತ್ತೇನೆ, ಬೆಲ್ಲ ನೀರು ಕೊಡುತ್ತೇನೆ. ವಿಲೀನದ ಮಾತು ಎತ್ತುವುದಿಲ್ಲ. ಕನ್ನಡ ತರಗತಿಗೆ ಕನ್ನಡ ಬಲ್ಲ ಮಾಸ್ತರು ಬರುವಂತೆ ನೀವು ಏನು ಮಾಡುತ್ತೀರಿ ಎಂದಷ್ಟೇ ಕೇಳುತ್ತೇನೆ. ಉತ್ತರ ತುಳುವಿನಲ್ಲಿ ಬರಲಿ, ಮಲಯಾಳದಲ್ಲಿ ಬರಲಿ, ಬ್ಯಾರಿಯಲ್ಲಿ ಬರಲಿ, ನನಗೆ ಅರ್ಥವಾಗುತ್ತದೆ. ಹೇಳಿದ್ದನ್ನು ಒಂದು ಹಾಳೆಯಲ್ಲಿ ಬರೆದು, ಸಹಿ ಹಾಕಿ ಕೊಡಿ ಎನ್ನುತ್ತೇನೆ.